ಕಾಶವ್ವನ ತಾಮ್ರದ ಕೊಡ

ಕಾಶವ್ವನ ಕತೆಯನ್ನು ಅವಳ ಮೂಗಿನಿಂದಲೇ ಶುರು ಮಾಡಬೇಕು. ಬೈಲಹೊಂಗಲದ ಕಡೆಯ ಲಿಂಗವಂತರ ಮನೆಯ ಹುಡುಗಿ ಮದುವೆಯಾಗಿ ಗಂಡನ ಬೆನ್ನಿಗೆ ಮುಂಬಯಿಗೆ ಬಂದು ರೈಲಿನಿಂದ ಇಳಿದ ದಿನವೇ ಮೀನಿನ ಬುಟ್ಟಿ ಹೊತ್ತ ಹೆಂಗಸರು ಅವಳ ಹೆಗಲಿಗೆ ಹೆಗಲು ತಾಗಿಸಿಕೊಂಡು ಹಾದುಹೋದರು. ಕಾಶವ್ವ ಸೆರಗಿನಿಂದ ಮೂಗು ಮುಚ್ಚಿದಳು. ಆ ಸೆರಗನ್ನು ಅವಳು ಮುಂದೆ ಎಷ್ಟೋ ವರ್ಷ ತೆಗೆಯಲೇ ಇಲ್ಲ ಎಂದು ಜೋಗೇಶ್ವರಿಯ ಚಾಳಿನಲ್ಲಿ ತಮಾಷೆ ಮಾಡುತ್ತಿದ್ದರು. ತೀರ ಸುಳ್ಳೂ ಅಲ್ಲ. ಪಕ್ಕದ ಖೋಲಿಯಲ್ಲಿ ಮೀನು ಹುರಿದರೆ ಇವಳು ಕದ ಹಾಕಿಕೊಂಡು ಊದಿನಕಡ್ಡಿ ಹಚ್ಚುತ್ತಿದ್ದಳು. ಹಚ್ಚಿದ್ದು ಪಕ್ಕದವರಿಗೆ ಗೊತ್ತಾಗಲಿ ಎಂದು ಕಿಟಕಿಯನ್ನು ಮಾತ್ರ ತೆರೆದಿಡುತ್ತಿದ್ದಳು.

ತವರಿನಿಂದ ಅವಳು ತಂದ ಆಸ್ತಿಯೆಂದರೆ ಒಂದು ಟ್ರಂಕು, ಒಂದು ತಾಮ್ರದ ಕೊಡ. ಟ್ರಂಕಿಗೆ ಮುಂಬಯಿಯ ಗಾಳಿ ತಾಗಿ ತುಕ್ಕು ಹಿಡಿಯಿತು. ಕೊಡಕ್ಕೆ ಕಿಲುಬು ಹಿಡಿಯಲು ಕಾಶವ್ವ ಬಿಡಲಿಲ್ಲ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕಿ ಬೆಳಗಿದಳೆಂದರೆ ಅದರಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದಿತ್ತು. ಕೊರಳಿನ ಲಿಂಗದ ಪೂಜೆಗೆ ಆ ಕೊಡದ ನೀರೇ ಆಗಬೇಕು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ತಾಮ್ರದಲ್ಲಿ ರಾತ್ರಿಯೆಲ್ಲ ನಿಂತ ನೀರು ಅಮೃತ ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಕಾಶವ್ವ ಅದನ್ನು ಚಾಳಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಗಂಡ ಬಸವಂತಪ್ಪ ಸಾಧು ಮನುಷ್ಯ, ಆದರೆ ಮಾತಿನ ಚಟದವನು. ಮೊದಲು ಒಂದು ಬಟ್ಟೆ ಅಂಗಡಿಯಲ್ಲಿದ್ದ. ಅದು ಮುಚ್ಚಿದ ಮೇಲೆ ಗ್ರಾಂಟ್ ರೋಡಿನಲ್ಲಿ ಒಬ್ಬ ಪಾರ್ಸಿ ಸೇಠನ ಹತ್ತಿರ ಸೇರಿಕೊಂಡ. ಮನೆಯಲ್ಲಿ ‘ಗಾಜಿನ ಕೆಲಸ’ ಎಂದ. ಕಾಶವ್ವ ಊರಿಗೆ ಹೋದಾಗ ‘ಕನ್ನಡಿ ಅಂಗಡಿ’ ಎಂದು ಹೇಳಿ ಬಂದಳು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ನೀರು ಸೋರದಂತೆ ಸಂದು ಮುಚ್ಚಿ, ಶ್ರೀಮಂತರ ದಿವಾಣಖಾನೆಗೆ ಮೀನು ಸಾಕುವ ತೊಟ್ಟಿ ಮಾಡಿಕೊಡುವುದು, ಅದಕ್ಕೆ ಬಣ್ಣದ ಮೀನು ಮಾರುವುದು ಆ ಅಂಗಡಿಯ ಕಸುಬು ಎಂಬುದನ್ನು ಬಸವಂತಪ್ಪ ಹೇಳಲಿಲ್ಲ. ಅವನ ಅಂಗಿ ಹೇಳಿತು. ಬಟ್ಟೆ ಒಗೆಯಲು ಕೂತ ಕಾಶವ್ವ ಅಂಗಿಯನ್ನು ಮೂಗಿನ ಹತ್ತಿರ ಹಿಡಿದವಳು ಅಲ್ಲಿಯೇ ಕಲ್ಲಿನ ಮೇಲೆ ಎಸೆದು ಎದ್ದು ಬಂದಳು.

“ಅದು ತಿನ್ನೂ ಮೀನಲ್ಲ ಕಾಶಿ, ನೋಡೂ ಮೀನು,” ಎಂದ ಬಸವಂತಪ್ಪ.

“ನೋಡೂದೂ ಬ್ಯಾಡ, ಕೇಳೂದೂ ಬ್ಯಾಡ. ಕೆಲಸಾ ಬಿಡ್ರಿ ಅನ್ನೂದಿಲ್ಲ ನಾ, ಹೊಟ್ಟಿಪಾಡು. ಆದರ ಬಂದ ಕೂಡ್ಲೆ ಹೊರಗ ಮೈ ತೊಳಕೊಂಡು ಒಳಗ ಬರ್ರಿ. ಮೀನಿನ ಮಾತು ಹೊಸ್ತಿಲದ ಆಚಿಗೇ ಇರಲಿ. ಒಳಗ ಲಿಂಗಪೂಜಿ ಆಗ್ತೈತಿ.”

ಬಸವಂತಪ್ಪ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಮಕ್ಕಳಿಲ್ಲದ ಮನೆ, ಇರುವವರು ಇಬ್ಬರೇ, ಅವರಲ್ಲಿ ಒಬ್ಬಳು ಮುಖ ತಿರುಗಿಸಿ ಕೂತರೆ ಮನೆಯಲ್ಲಿ ಉಳಿಯುವುದು ಗೋಡೆ. ಆದರೆ ಮಾತಿನ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಮ್ಮೊಮ್ಮೆ ಊಟಕ್ಕೆ ಕೂತವನು, “ಇವತ್ತ ಏನಾತಂದ್ರ...” ಎಂದು ಶುರು ಮಾಡುವನು. ಕಾಶವ್ವ ರೊಟ್ಟಿ ಬಡಿಯುವ ಕೈಯನ್ನು ಹಾಗೆಯೇ ಎತ್ತಿ ತೋರಿಸುವಳು. ಅವನು ಮಾತನ್ನು ತುತ್ತಿನ ಜೊತೆ ನುಂಗುವನು.

ಒಂದು ಸಂಜೆ ಮಾತ್ರ ಅವನ ಮುಖ ನೋಡುವ ಹಾಗಿರಲಿಲ್ಲ. ಮೈ ತೊಳೆದುಕೊಂಡು ಬಂದವನು ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲಿಲ್ಲ. “ಅಂಗಡ್ಯಾಗ ಎಲ್ಲಾ ಸತ್ತು ಹೋದುವು ಕಾಶಿ. ಒಂದೂ ಉಳೀಲಿಲ್ಲ. ನನ್ನ ಕೈಯಾರೆ ಆತು. ಯಾಕಂದ್ರ ಕೇಳು...” ಎಂದ. ಕಾಶವ್ವ ಎರಡೂ ಕಿವಿ ಮುಚ್ಚಿಕೊಂಡಳು. “ಸತ್ತ ಮೀನಿನ ಸುದ್ದಿ ಉಣ್ಣೂ ಮುಂದ ಬ್ಯಾಡ್ರಿ! ನಿಮಗ ಕೈ ಮುಗೀತೀನಿ.” ಬಸವಂತಪ್ಪ ತಾಟು ಸರಿಸಿ ಎದ್ದ. ಆಮೇಲೆ ಅವನು ಮನೆಯಲ್ಲಿ ಅಂಗಡಿಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಕಾಶವ್ವನಿಗೆ ಗೆದ್ದ ಹಾಗಾಯಿತು.

ವರ್ಷಗಳು ಹೀಗೆ ಕಳೆದವು. ಒಂದು ಮಳೆಗಾಲ ಲೋಕಲ್ಲಿನಲ್ಲಿ ನಿಂತಿದ್ದ ಬಸವಂತಪ್ಪ ನಿಂತಂತೆಯೇ ಕುಸಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವನ ಅರ್ಧ ದೇಹ ಮಾತ್ರ. ಬಲಗಡೆ ಪೂರ್ತಿ ಮರಗಟ್ಟಿತ್ತು, ಬಾಯಿ ಒಂದು ಕಡೆ ಜಗ್ಗಿ ಮಾತು ನಿಂತುಹೋಗಿತ್ತು. ತಲೆ ಅಲ್ಲಾಡಿಸುವುದೂ ಆಗುತ್ತಿರಲಿಲ್ಲ. ಕೇಳಿದ್ದು ತಿಳಿಯುತ್ತಿತ್ತು, ಕಣ್ಣು ಹೊರಳುತ್ತಿತ್ತು, ಎಡಗೈಯ ಮುಂಗೈ ಅಷ್ಟಿಷ್ಟು ಏಳುತ್ತಿತ್ತು. ಇಷ್ಟರಲ್ಲೇ ಸಂಸಾರ ಮಾಡಬೇಕು. ಕಾಶವ್ವ ಅವನ ಎಡಗೈಯನ್ನು ಮಂಚದ ಕಟ್ಟಿಗೆಯ ಮೇಲೆ ಇಟ್ಟು, ಮಗುವಿಗೆ ಕಲಿಸುವಂತೆ ಕಲಿಸಿದಳು. “ಏನರ ಬೇಕಾದ್ರ ಹಿಂಗ ಬಡೀರಿ. ಬ್ಯಾಡಾದ್ರ ಸುಮ್ಮನಿರ್ರಿ. ತಿಳೀತೇನ್ರಿ?” ಬೆರಳಿನ ಗಿಣ್ಣು ಕಟ್ಟಿಗೆಗೆ ಟಕ್ ಎಂದಿತು. ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ.

ಮೊದಮೊದಲು ನೀರಿಗೆ, ಅಂಬಲಿಗೆ, ಹೊರಳಿಸಿ ಮಲಗಿಸುವುದಕ್ಕೆ ಅವನು ಬಡಿಯುತ್ತಿದ್ದ. ಬರಬರುತ್ತ ಬಡಿಯುವುದು ಕಡಿಮೆಯಾಯಿತು. ಕಣ್ಣು ತಗಡಿನ ಪತ್ರೆಯ ಛಾವಣಿಗೆ ನೆಟ್ಟುಹೋಯಿತು. ತಿನ್ನಿಸಿದರೆ ತುತ್ತು ಬಾಯಲ್ಲೇ ಉಳಿಯುತ್ತಿತ್ತು. ಆಸ್ಪತ್ರೆಯ ಡಾಕ್ಟರು, “ಔಷಧದ ಕೆಲಸ ಮುಗಿದಿದೆ. ಬದುಕಬೇಕು ಅಂತ ಅವರಿಗೇ ಅನಿಸಬೇಕು,” ಎಂದು ಹೇಳಿ ಕೈತೊಳೆದುಕೊಂಡಿದ್ದರು. ಅನಿಸುವ ಹಾಗೆ ಮಾಡುವುದು ಹೇಗೆ ಎಂದು ಅವರು ಹೇಳಲಿಲ್ಲ, ಕಾಶವ್ವನಿಗೆ ಕೇಳಲು ತೋಚಲಿಲ್ಲ.

ದೀಪಾವಳಿಯ ಹೊತ್ತಿಗೆ ಅಣ್ಣು ಬಂದ. ಉಡುಪಿಯ ಕಡೆಯವನು, ಬಸವಂತಪ್ಪನ ಜೊತೆ ಅದೇ ಅಂಗಡಿಯಲ್ಲಿ ಮೀನು ನೋಡಿಕೊಳ್ಳುತ್ತಿದ್ದವನು. ಕೈಗಾಡಿಯ ಮೇಲೆ ಒದ್ದೆ ಗೋಣಿ ಸುತ್ತಿದ ಒಂದು ಗಾಜಿನ ತೊಟ್ಟಿ, ಪಕ್ಕದಲ್ಲಿ ಮುಚ್ಚಿದ ಡಬ್ಬ. “ಸೇಠ್ ಅಂಗಡಿ ಮುಚ್ಚಿ ಪುಣೆಗೆ ಹೋಗ್ತಾರಕ್ಕ. ಇದು ಬಸವಂತಪ್ಪಣ್ಣನೇ ಕಟ್ಟಿದ ತೊಟ್ಟಿ. ಕಡೇದು. ಅವ್ರಿಗೇ ಕೊಟ್ಟು ಬಾ ಅಂತ ಸೇಠ್ ಹೇಳಿದ್ರು,” ಎಂದ.

ಕಾಶವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. “ಮೀನು ಅಂತೀಯಲ್ಲೋ! ಲಿಂಗವಂತರ ಮನ್ಯಾಗ! ತಗೊಂಡ ಹೋಗಪಾ, ನಿನಗ ಪುಣ್ಯಾ ಬರ್ತೈತಿ.”

ಅಣ್ಣು ಬೆವರು ಒರೆಸಿಕೊಂಡು ಡಬ್ಬದ ಮುಚ್ಚಳ ತೆಗೆದು ಹೊಸ್ತಿಲ ಹೊರಗೇ ಇಟ್ಟ. ಬಿಸಿಲು ಬಿದ್ದು ನೀರಿನೊಳಗೆ ಕೆಂಪು ಬಂಗಾರದ ಬಣ್ಣ ಹೊಳೆಯಿತು. ಆಗ ಒಳಗಿನಿಂದ ಸದ್ದು ಬಂತು. ಟಕ್. ಟಕ್. ಎಷ್ಟೋ ದಿನದಿಂದ ಸುಮ್ಮನಿದ್ದ ಕೈ ಮಂಚದ ಕಟ್ಟಿಗೆಯನ್ನು ಬಡಿಯುತ್ತಿತ್ತು. ಕಾಶವ್ವ ತಿರುಗಿ ನೋಡಿದಳು. ಗಂಡನ ಕಣ್ಣು ಛಾವಣಿ ಬಿಟ್ಟು ಬಾಗಿಲ ಕಡೆ ಬಂದಿತ್ತು. ಅವಳ ಕೈ ತಾನಾಗಿ ಬಾಗಿಲಿನಿಂದ ಇಳಿಯಿತು. ಅಣ್ಣು ತೊಟ್ಟಿಯನ್ನು ಒಳಗೆ ತಂದು ಬಸವಂತಪ್ಪನ ಕಾಲ ಕಡೆ, ಅವನಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟ.

ಹೋಗುವಾಗ ಅವನು ನಾಲ್ಕು ಮಾತು ಹೇಳಿದ. “ನಳದ ನೀರು ಹಾಗೇ ಸುರೀಬೇಡಿ ಅಕ್ಕ, ಅದ್ರಲ್ಲಿ ಮದ್ದು ಹಾಕಿರ್ತಾರೆ. ಹಿಡ್ದಿಟ್ಟು ಮಾರನೇ ದಿನ ಹಾಕಿ. ತಿನ್ಲಿಕ್ಕೆ ಚಿಟಿಕೆ ಸಾಕು. ಬೇಸಿಗೆಯಲ್ಲಿ ಮಾತ್ರ ಜಾಗ್ರತೆ ಮಾರಾಯ್ರೆ. ಇದು ತಂಪು ನೀರಿನ ಮೀನು, ನೀರು ಬಿಸಿ ಆದ್ರೆ ತಡ್ಕೊಳ್ಳೋದಿಲ್ಲ.” ಹಿಡಿದಿಡುವುದು ಯಾವುದರಲ್ಲಿ ಎಂದು ಅವನು ಹೇಳಲಿಲ್ಲ. ಮೀನಿನ ಅಂಗಡಿಯಲ್ಲಿ ಬೆಳೆದವನಿಗೆ ಅದು ಹೇಳಬೇಕಾದ ಮಾತು ಅನಿಸಲಿಲ್ಲ. ಭಾಂಡುಪಿನ ಒಂದು ಹೊಟೇಲಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು, ಹೊರಟುಹೋದ.

ಚಾಳಿಗೆ ಹಬ್ಬ. ಪಕ್ಕದ ಖೋಲಿಯ ಗಂಗುಬಾಯಿ ವಿಜಾಪುರದ ಕಡೆಯವಳು, ಮೀನು ತಿನ್ನುವವಳು, ಊದಿನಕಡ್ಡಿಯ ಹೊಗೆ ಕುಡಿದು ಕುಡಿದು ಬೇಸತ್ತವಳು. ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಗ ಬಾಯೀ! ಕಾಶವ್ವನ ಮನ್ಯಾಗ ಮೀನು! ಮಸಾಲಿ ಅರದ ಕೊಡಲೇನ ನಾ?” ತಿಂಗಳಿಗೊಮ್ಮೆ ಊಟಕ್ಕೆ ಬರುವ ಜಂಗಮರು ಚನ್ನಬಸಯ್ಯಸ್ವಾಮಿಗಳು ತೊಟ್ಟಿಗೆ ಬೆನ್ನು ಮಾಡಿ ಕೂತು ಪ್ರಸಾದ ಮಾಡಿದರು. ಏಳುವಾಗ ಓರೆಗಣ್ಣಿನಲ್ಲಿ ಒಮ್ಮೆ ನೋಡಿ, “ಚಂದ ಅದಾವಲ್ಲವಾ,” ಎಂದುಬಿಟ್ಟರು. ಕಾಶವ್ವನಿಗೆ ಅಷ್ಟೇ ಸಾಕಾಯಿತು.

ಚಳಿಗಾಲ ಸುಖವಾಗಿ ಕಳೆಯಿತು. ಐದಾರು ಮೀನು, ಅವುಗಳಲ್ಲಿ ಒಂದು ಕಪ್ಪು, ಬುಗುಟೆಗಣ್ಣಿನದು, ನಿಧಾನಕ್ಕೆ ಬಾಲ ಬೀಸುತ್ತ ಊರು ತನ್ನದೆನ್ನುವಂತೆ ತಿರುಗುತ್ತಿತ್ತು. ಕಾಶವ್ವ ಅದಕ್ಕೆ ಗೌಡ ಎಂದು ಹೆಸರಿಟ್ಟಳು. ಬಸವಂತಪ್ಪನ ಕಣ್ಣು ಬೆಳಗಿನಿಂದ ಗೌಡನ ಹಿಂದೆ ಓಡಾಡುತ್ತಿತ್ತು. ಅಂಬಲಿಗೆ ಕೈ ಬಡಿಯತೊಡಗಿದ. ಒಂದು ದಿನ ಜಗ್ಗಿದ ಬಾಯಿಯ ತುದಿಯಲ್ಲಿ ನಗೆಯಂಥದ್ದು ಮೂಡಿತು. ಅಂದಿನಿಂದ ಕಾಶವ್ವ ಮನಸ್ಸಿನಲ್ಲಿ ಒಂದು ಲೆಕ್ಕ ಗಟ್ಟಿಮಾಡಿಕೊಂಡಳು. ಮೀನು ಇರುವತನಕ ಇವರು ಇರುತ್ತಾರೆ. ಮೀನು ಹೋದರೆ ಇವರು ಹೋಗುತ್ತಾರೆ. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಯಾರೂ ಹೇಳುವುದು ಬೇಕಿರಲಿಲ್ಲ.

ಹೋಳಿ ಕಳೆದದ್ದೇ ಬಿಸಿಲು ತಿರುಗಿಬಿತ್ತು. ಪತ್ರೆಯ ಕೆಳಗಿನ ಖೋಲಿ ಮಧ್ಯಾಹ್ನಕ್ಕೆ ರೊಟ್ಟಿಯ ಹಂಚಾಗುತ್ತಿತ್ತು. ತೊಟ್ಟಿಯ ನೀರಿಗೆ ಬೆರಳಿಟ್ಟರೆ ಸ್ನಾನಕ್ಕೆ ಕಾಯಿಸಿದ ಹಾಗೆ. ಮೀನುಗಳೆಲ್ಲ ಮೇಲೆ ಬಂದು, ಬಾಯಿ ನೀರಿನಿಂದ ಹೊರಗೆ ಚಾಚಿ ಪಕ್ ಪಕ್ ಎಂದು ಗಾಳಿ ಕುಡಿಯುತ್ತಿದ್ದವು. ಕಾಶವ್ವ ತೊಟ್ಟಿಗೆ ಒದ್ದೆ ಗೋಣಿ ಸುತ್ತಿದಳು. ಗಂಡನಿಗೆ ಕಾಣಬೇಕಲ್ಲ ಎಂದು ಮುಂದಿನ ಗಾಜು ಮಾತ್ರ ಬಿಟ್ಟಳು. ಕಿಟಕಿಗೆ ಹಳೆಯ ಸೀರೆ ನೆನೆಸಿ ಕಟ್ಟಿದಳು. ಸೌಟಿನಿಂದ ನೀರು ಎತ್ತಿ ಎತ್ತಿ ಮತ್ತೆ ಅದಕ್ಕೇ ಸುರಿದಳು, ಭುಜ ಬಿದ್ದುಹೋಗುವ ತನಕ. ಬರ್ಫದ ಗಾಡಿಯವನಿಂದ ಒಂದು ತುಂಡು ಬರ್ಫ ತಂದು ಹಾಕಿದ್ದೂ ಆಯಿತು. ನೀರು ಒಮ್ಮೆಲೇ ಕೊರೆದು, ಮೀನುಗಳು ಮಗ್ಗುಲಾಗಿ ತೇಲಿ ಅವಳ ಜೀವ ಬಾಯಿಗೆ ಬಂತು. ಬರ್ಫ ಎತ್ತಿ ಎಸೆದ ಮೇಲೆ ಅವು ಸುಧಾರಿಸಿಕೊಂಡವು, ಒಂದು ಸುಧಾರಿಸಿಕೊಳ್ಳಲಿಲ್ಲ. ಆ ದಿನ ಬಸವಂತಪ್ಪ ಅಂಬಲಿಗೆ ಕೈ ಬಡಿಯಲಿಲ್ಲ.

ಅಂದು ಲಿಂಗಪೂಜೆಗೆ ಕೂತವಳ ಕೈಗೆ ತಾಮ್ರದ ಕೊಡದ ನೀರು ಸೋಕಿದಾಗ ಅವಳಿಗೆ ತವರು ನೆನಪಾಯಿತು. ಬೇಸಿಗೆಯಲ್ಲಿ ಅವ್ವ ಒದ್ದೆ ಮರಳಿನ ಮೇಲೆ ತಾಮ್ರದ ಕೊಡ ಕೂರಿಸಿ, ಸುತ್ತ ಹಸಿ ಅರಿವೆ ಕಟ್ಟಿ, ಕತ್ತಲೆ ಮೂಲೆಯಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಆ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ತನ್ನ ಬಕೆಟ್ಟಿನ ನೀರಾದರೋ ಹಿಡಿದಿಟ್ಟಲ್ಲೇ ಬೆಚ್ಚಗಾಗುತ್ತದೆ. ಇನ್ನು ಯೋಚನೆ ಯಾಕೆ?

ಯೋಚನೆ ಇತ್ತು. ಲಿಂಗದ ನೀರು, ಮೀನಿಗೆ! ಕಾಶವ್ವ ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ ಬಹಳ ಹೊತ್ತು ಕೂತಳು. ಕಡೆಗೆ, “ನಿನಗ ಬಕೀಟಿನ ನೀರು ನಡೀತೈತಿ ತಂದಿ. ಅವಕ್ಕ ನಡೆಯಂಗಿಲ್ಲ,” ಎಂದು ಹೇಳಿ ಎದ್ದಳು. ಜೀವನದಲ್ಲಿ ಅವಳು ಯಾರಿಗೂ ಬಿಟ್ಟುಕೊಡದ ವಸ್ತುವನ್ನು ಅಂದು ಮೀನಿಗೆ ಬಿಟ್ಟುಕೊಟ್ಟಳು. ಕೊಡುವುದಾದರೆ ಸರಿಯಾಗಿ ಕೊಡಬೇಕು. ವಾರಕ್ಕೊಮ್ಮೆ ತಿಕ್ಕುತ್ತಿದ್ದ ಕೊಡವನ್ನು ದಿನಾಲೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ, ಅವ್ವನ ಹಾಗೆ ಮೂಲೆಯ ಒದ್ದೆ ಮರಳಿನ ಮೇಲೆ ರಾತ್ರಿಯೆಲ್ಲ ಇಡತೊಡಗಿದಳು.

ಮೊದಲ ದಿನ ಆ ತಣ್ಣೀರು ತೊಟ್ಟಿಗೆ ಬಿದ್ದದ್ದೇ ಮೀನುಗಳು ಮೇಲಿನಿಂದ ಕೆಳಗೆ ಇಳಿದವು. ಸ್ವಲ್ಪ ಹೊತ್ತಿಗೆ ಒಂದು ಈ ಗೋಡೆಯಿಂದ ಆ ಗೋಡೆಗೆ ಬಾಣದಂತೆ ಹೋಯಿತು, ಇನ್ನೊಂದು ತಳದ ಕಲ್ಲಿಗೆ ಮೈ ಉಜ್ಜಿ ಪಲ್ಟಿ ಹೊಡೆಯಿತು. “ನೋಡ್ರಿ, ನೋಡ್ರಿ! ಹೆಂಗ ಆಟಾ ಆಡಾಕತ್ತಾವು!” ಎಂದು ಕಾಶವ್ವ ಗಂಡನ ಕಡೆ ತಿರುಗಿದಳು. ಬಸವಂತಪ್ಪನ ಕಣ್ಣು ಕೊಡದ ಮೇಲಿತ್ತು. ಕೈ ಕಟ್ಟಿಗೆಯನ್ನು ಬಡಿಯಿತು. ಟಕ್, ಟಕ್, ಟಕ್. ಲಕ್ವ ಹೊಡೆದ ಮೇಲೆ ಅಷ್ಟು ಜೋರಾಗಿ ಅವನು ಎಂದೂ ಬಡಿದಿರಲಿಲ್ಲ.

“ಇನ್ನಷ್ಟು ಹಾಕಲೇನ್ರಿ?” ಎಂದಳು ಕಾಶವ್ವ. ಟಕ್ ಟಕ್ ಟಕ್. ಅವಳು ಕೊಡದಲ್ಲಿ ಉಳಿದದ್ದನ್ನೂ ಸುರಿದಳು.

ಅಂದಿನಿಂದ ಅದೊಂದು ನೇಮವಾಯಿತು. ಬೆಳಿಗ್ಗೆ ತೊಟ್ಟಿಯಿಂದ ಬಿಸಿ ನೀರು ಒಂದಷ್ಟು ತೆಗೆಯುವುದು, ಕೊಡದ ತಣ್ಣೀರು ಸುರಿಯುವುದು. ಅವಳು ಮೂಲೆಗೆ ಹೋಗಿ ಕೊಡದ ಕುತ್ತಿಗೆಗೆ ಕೈ ಹಾಕಿದರೆ ಸಾಕು, ಮಂಚದ ಮೇಲೆ ಬಡಿತ ಶುರು. ಗಂಟಲಿನಿಂದ ಒಂದು ಸ್ವರವೂ ಬರುತ್ತಿತ್ತು, ಕಟ್ಟಿಹಾಕಿದ ದನದ ಸ್ವರ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಗಂಗುಬಾಯಿ ಒಂದು ದಿನ ನೋಡಿ, “ಅಳಾಕತ್ತಾರಲ್ಲ ಕಾಶವ್ವಾ,” ಎಂದಳು. “ಖುಷಿಗೆ,” ಎಂದಳು ಕಾಶವ್ವ. “ಬಡದು ಬಡದು ಕೇಳ್ತಾರ ನೋಡ, ಹಾಕು ಹಾಕು ಅಂತ. ಮಾತು ಇವತ್ತ ನಾಳಿ ಬಂದ ಬಿಡ್ತೈತಿ.” ಆ ದಿನ ಅವಳು ಚಾಳಿನ ನಾಲ್ಕು ಮನೆಗೆ ಹೋಗಿ ಇದನ್ನು ಹೇಳಿಬಂದಳು. ಸಕ್ಕರೆಯನ್ನೂ ಹಂಚಿದಳು.

ಬಡಿದು ಬಡಿದು ಬಸವಂತಪ್ಪನ ಗಿಣ್ಣಿನ ಚರ್ಮ ಕಿತ್ತುಬಂತು. ಕಾಶವ್ವ ಅರಿಶಿನ ಬೆಣ್ಣೆ ಹಚ್ಚಿದಳು. ಆಮೇಲೆ ಅವಳಿಗೆ ಇನ್ನೊಂದು ತೋಚಿತು. ತನ್ನದೊಂದು ಹಳೆಯ ಕುಪ್ಪಸವನ್ನು ಮಡಿಸಿ ಮೆತ್ತಗೆ ಮಾಡಿ ಅವನ ಕೈಯ ಕೆಳಗೆ ಕಟ್ಟಿಗೆಗೆ ಕಟ್ಟಿದಳು. ಇನ್ನು ಎಷ್ಟು ಬಡಿದರೂ ನೋವಿಲ್ಲ. ಸದ್ದೂ ಇಲ್ಲ.

ಮೀನು ಸಾಯತೊಡಗಿದವು. ಮೊದಲು ಎಲ್ಲಕ್ಕಿಂತ ಚಿಕ್ಕದು. ಎರಡು ದಿನ ಮೂಲೆ ಹಿಡಿದು ನಿಂತು, ಮೈಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿ, ಹೊಟ್ಟೆ ಮೇಲಾಯಿತು. ಬಿಸಿಲು, ಎಂದಳು ಕಾಶವ್ವ. ಆಮೇಲೆ ಇನ್ನೊಂದು. ಹಾಳು ಬಿಸಿಲು! ಮಧ್ಯಾಹ್ನ ಮತ್ತೊಂದು ಕೊಡ ಸುರಿದಳು. ಸತ್ತದ್ದನ್ನು ಗಂಡನಿಗೆ ಕಾಣದ ಹಾಗೆ ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಅಂಗಳದ ನುಗ್ಗೆಯ ಬುಡದಲ್ಲಿ ಹೂಳುತ್ತಿದ್ದಳು. ಮೀನಿನ ಬುಟ್ಟಿ ಕಂಡು ಮೂಗು ಮುಚ್ಚಿದ್ದ ಅದೇ ಸೆರಗು. ಮೂಗಿಗೆ ಈಗ ಏನೂ ಬಡಿಯುತ್ತಿರಲಿಲ್ಲ. ತಾನು ಎಷ್ಟು ಮಾಡಿದರೂ ಸಾಲದು, ಇನ್ನೂ ತಂಪು ಬೇಕು, ಇನ್ನೂ ನೀರು ಬೇಕು ಎಂದು ನಳದ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತು, ಜಗಳವಾಡಿ, ಬೇಡಿಕೊಂಡು ನೀರು ತರುತ್ತಿದ್ದಳು. ಸ್ವಂತ ಊಟ ಮರೆಯುತ್ತಿದ್ದಳು. ಇಷ್ಟು ಜೀವ ತೇದು ಅವಳು ಎಂದೂ ಯಾರ ಸೇವೆಯನ್ನೂ ಮಾಡಿರಲಿಲ್ಲ, ಗಂಡನದ್ದನ್ನೂ.

ಮಳೆ ಇನ್ನೇನು ಬರುತ್ತದೆ ಎನ್ನುವಾಗ ತೊಟ್ಟಿಯಲ್ಲಿ ಗೌಡ ಒಂದೇ ಉಳಿದಿತ್ತು. ಅದರ ಬಾಲದ ಅಂಚು ಹರಿದ ಅರಿವೆಯ ಹಾಗೆ ಚಿಂದಿಯಾಗಿತ್ತು. ತಳದಲ್ಲಿ ಕೂತು ಕಿವಿರು ಮಾತ್ರ ಆಡಿಸುತ್ತಿತ್ತು. “ನೀ ಒಬ್ಬಾವ ಇರಪಾ, ನಿನ್ನ ಕಾಲ ಬೀಳ್ತೀನಿ,” ಎಂದು ಕಾಶವ್ವ ಗಾಜಿಗೆ ಹಣೆ ಹಚ್ಚಿ ಹೇಳುತ್ತಿದ್ದಳು. ಕಾಲಿಲ್ಲದ ಪ್ರಾಣಿಯ ಕಾಲಿಗೆ ಬೀಳುವಷ್ಟು ದೂರ ಅವಳು ಬಂದಿದ್ದಳು.

ಅಂಥ ಒಂದು ಬೆಳಿಗ್ಗೆ ಅಣ್ಣು ಊರಿನಿಂದ ತಂದ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಾಗಿಲಿಗೆ ಬಂದ. ಕಾಶವ್ವ ಆಗಷ್ಟೇ ಕೊಡ ಎತ್ತಿ ಸೊಂಟಕ್ಕಿಟ್ಟು ತೊಟ್ಟಿಯ ಹತ್ತಿರ ಬಂದಿದ್ದಳು. ಬಗ್ಗಿಸಿದಳು, ನೀರು ಬೀಳತೊಡಗಿತು.

“ಎಂತ ಮಾಡ್ತಾ ಇದ್ದೀರಿ ಅಕ್ಕ!” ಹಪ್ಪಳದ ಕಟ್ಟು ಅವನ ಕೈಯಿಂದ ಬಿತ್ತು. “ತಾಮ್ರದ್ದಲ್ವಾ ಅದು? ನಿಲ್ಸಿ, ನಿಲ್ಸಿ ಮಾರಾಯ್ರೆ!”

ಕಾಶವ್ವ ಕೊಡ ನೆಟ್ಟಗೆ ಹಿಡಿದು ದಿಗಿಲುಬಿದ್ದು ನೋಡಿದಳು. “ಯಾಕಪಾ? ಪೂಜಿ ಕೊಡಾ ಇದು. ದಿನಾ ತಿಕ್ಕಿ ಹಾಕ್ತೀನಲ್ಲ.”

“ದಿನಾ?” ಎಂದ ಅಣ್ಣು. ತೊಟ್ಟಿಯ ಹತ್ತಿರ ಬಂದು, ಗೌಡನನ್ನು ನೋಡಿ, ಉಳಿದ ಖಾಲಿ ನೀರನ್ನು ನೋಡಿದ. “ತಾಮ್ರ ನಮ್ಗೆ ಒಳ್ಳೇದು ಅಕ್ಕ. ಮೀನಿಗೆ ವಿಷ. ಹುಳಿ ಹಾಕಿ ತಿಕ್ಕಿದ್ರೆ ಇನ್ನೂ ಹೆಚ್ಚು. ನಮ್ಮ ಅಂಗಡೀಲಿ ಒಮ್ಮೆ ಒಂದು ರಾತ್ರಿ ಕಳಿಯೋದ್ರೊಳಗೆ ಎಲ್ಲ ಸತ್ತದ್ದು ಹಾಗೇ ಅಲ್ವಾ? ಬಸವಂತಪ್ಪಣ್ಣನೇ ಸೇಠರ ಮನೆಯಿಂದ ತಾಮ್ರದ ಹಂಡೆ ತಂದು, ಇದ್ರಲ್ಲಿ ನೀರು ತಂಪಿರ್ತದೆ ಅಂತ ತುಂಬ್ಸಿಟ್ಟದ್ದು. ಎಷ್ಟು ಅತ್ತಿದ್ರು ಆವತ್ತು! ಆಮೇಲೆ ಅಂಗಡಿಗೆ ಹೊಸಬ್ರು ಯಾರು ಬಂದ್ರೂ ಮೊದ್ಲು ಹೇಳೋದು ಅದನ್ನೇ, ತಾಮ್ರ ಮುಟ್ಟಿಸ್ಬೇಡಿ ಅಂತ. ಮನೇಲಿ ನಿಮ್ಗೆ ಹೇಳಿರ್ಲಿಲ್ವಾ ಅವ್ರು?”

ಕೊಡ ಕಾಶವ್ವನ ಸೊಂಟದಿಂದ ಜಾರಿ ನೆಲಕ್ಕೆ ಬಿದ್ದು ಖೋಲಿಯೆಲ್ಲ ನೀರಾಯಿತು. ಅವಳು ಅದನ್ನು ನೋಡಲಿಲ್ಲ. ರೊಟ್ಟಿ ಮುರಿಯದೆ ಕೂತಿದ್ದ ಗಂಡ ಕಂಡ. ‘ಯಾಕಂದ್ರ ಕೇಳು’ ಎಂದ ಬಾಯಿ ಕಂಡಿತು, ಕಿವಿಗೆ ಹೋದ ತನ್ನ ಎರಡು ಕೈ ಕಂಡವು. ಅಂದು ಆ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ತುತ್ತು ಇಳಿಯುವಷ್ಟರಲ್ಲಿ ಮುಗಿಯುತ್ತಿದ್ದ ಮಾತು ಅದು.

ನಿಧಾನಕ್ಕೆ ಮಂಚದ ಕಡೆ ತಿರುಗಿದಳು. ಬಸವಂತಪ್ಪ ಅವಳನ್ನೇ ನೋಡುತ್ತಿದ್ದ. ಎಡಗೈ ಕುಪ್ಪಸದ ಮೆತ್ತೆಯ ಮೇಲೆ ಸದ್ದಿಲ್ಲದೆ ಏಳುತ್ತಿತ್ತು, ಬೀಳುತ್ತಿತ್ತು. ಕಾಶವ್ವನಿಗೆ ಆಗ ಎಲ್ಲವೂ ಒಟ್ಟಿಗೆ ತಿಳಿಯಿತು. ಬೇಕು ಎನ್ನುವುದಕ್ಕೆ ಅವಳು ಅವನಿಗೆ ಒಂದು ಗುರುತು ಮಾಡಿಕೊಟ್ಟಿದ್ದಳು. ಬೇಡ ಎನ್ನುವುದಕ್ಕೆ ಮಾಡಿಕೊಟ್ಟಿರಲಿಲ್ಲ. ಬೇಡವಾದರೆ ಸುಮ್ಮನಿರು ಎಂದಿದ್ದಳು. ಕಣ್ಣೆದುರಿಗೆ ತನ್ನ ಮೀನುಗಳಿಗೆ ವಿಷ ಬೀಳುವಾಗ ಯಾರು ಸುಮ್ಮನಿದ್ದಾರು? ಅವನ ಹತ್ತಿರ ಇದ್ದದ್ದು ಒಂದೇ ಸದ್ದು. ಅದನ್ನೇ ಚರ್ಮ ಕಿತ್ತುಬರುವ ತನಕ ಬಡಿದಿದ್ದ. ಅವನು ಬಡಿದಷ್ಟೂ ಇವಳು ಸುರಿದಿದ್ದಳು. ಕಡೆಗೆ ಆ ಸದ್ದಿಗೂ ಮೆತ್ತೆ ಕಟ್ಟಿ ಬಾಯಿ ಮುಚ್ಚಿಸಿದ್ದಳು.

ಅಣ್ಣು ಮಣ್ಣಿನ ಮಡಕೆಯಲ್ಲಿ ಬೇರೆ ನೀರು ತಂದು ಗೌಡನನ್ನು ಅದಕ್ಕೆ ಬಿಟ್ಟ. ಹೊತ್ತು ಮೀರಿತ್ತು. ಮಾರನೆಯ ಬೆಳಿಗ್ಗೆ ಆ ಬುಗುಟೆಗಣ್ಣು ಮೇಲೆ ನೋಡುತ್ತ ತೇಲುತ್ತಿತ್ತು. ಈ ಸಲ ಕಾಶವ್ವ ಸೆರಗಿನಲ್ಲಿ ಮುಚ್ಚಲಿಲ್ಲ. ಅಂಗೈಯ ಮೇಲೆ ಇಟ್ಟುಕೊಂಡು, ಲಿಂಗ ಇಟ್ಟುಕೊಳ್ಳುವ ಎಡ ಅಂಗೈಯ ಮೇಲೆಯೇ, ಗಂಡನ ಮುಂದೆ ತಂದು ಹಿಡಿದಳು. ಬಸವಂತಪ್ಪ ನೋಡಿದ. ಆಮೇಲೆ ಅವನ ಕಣ್ಣು ಛಾವಣಿಗೆ ಹೋಯಿತು.

ಅವಳು ಮೆತ್ತೆಯನ್ನು ಬಿಚ್ಚಿ ಎಸೆದಳು. ಅವನ ಕೈಯನ್ನು ಬರಿಯ ಕಟ್ಟಿಗೆಯ ಮೇಲೆ ಇಟ್ಟಳು. “ಬಡೀರಿ. ಒಮ್ಮೆ ಬಡೀರಿ. ಬೈದಂಗ ಆಗ್ಲಿ,” ಎಂದಳು. ಅಂಬಲಿ ಕಲಸಿ ತಂದಳು. “ಬೇಕೇನ್ರಿ?” ಕೈ ಏಳಲಿಲ್ಲ. “ನೀರು ಬೇಕೇನ್ರಿ?” ಕೈ ಇಟ್ಟ ಕಡೆಯೇ ಬಿದ್ದಿತ್ತು. ಚಮಚೆಯಲ್ಲಿ ಬಾಯಿಗೆ ಬಿಟ್ಟ ನೀರು ಜಗ್ಗಿದ ತುಟಿಯ ತುದಿಯಿಂದ ಹೊರಗೆ ಇಳಿದು ದಿಂಬು ಒದ್ದೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಮೊದಲ ಮಳೆ ಬಂತು. ಪತ್ರೆಯ ಮೇಲೆ ಭೋರೆಂದು ಸುರಿದು, ಇಡೀ ಬೇಸಿಗೆ ಕಾಶವ್ವ ಬೇಡಿಕೊಂಡ ತಂಪು ಒಂದೇ ಗಳಿಗೆಯಲ್ಲಿ ಖೋಲಿಯೊಳಗೆ ಬಂದು ನಿಂತಿತು. ಗಂಗುಬಾಯಿ ಬಾಗಿಲಿಗೆ ಬಂದು, ಒಳಗೆ ನೋಡಿ, ಕದ ಮೆಲ್ಲಗೆ ಮುಂದೆ ಎಳೆದು ಹೋದಳು. ಮೀನಿಲ್ಲದ ತೊಟ್ಟಿಯ ನೀರಿಗೆ ಬೆರಳಿಟ್ಟರೆ ಈಗ ತಣ್ಣಗಿತ್ತು.

ಕಾಶವ್ವ ಮಂಚದ ಪಕ್ಕ ನೆಲದ ಮೇಲೆ ಕೂತಳು. ಗಂಡನ ಎಡಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಕೈ ಕಟ್ಟಿಗೆಯಷ್ಟೇ ಭಾರವಾಗಿತ್ತು.

“ಈಗ ಹೇಳ್ರಿ,” ಎಂದಳು. “ಅಂಗಡಿ ಮಾತು ಹೇಳ್ರಿ. ಮೀನಿನ ಮಾತು ಹೇಳ್ರಿ. ಇಲ್ಲೇ ಹೇಳ್ರಿ, ಒಳಗ. ನಾ ಕೇಳ್ತೀನಿ.”

ಹೊರಗೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಕತ್ತಲಾಗುವ ತನಕ ಕಾಶವ್ವ ಹಾಗೆಯೇ ಕೇಳುತ್ತ ಕೂತಿದ್ದಳು.